ಇಂಜಿನ್ನಿನ ಹಲ್ಲು ನೋಡುವ ಬಗೆ

ನಮ್ಮಜ್ಜ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಎತ್ತು ಕೊಳ್ಳಲು ಹೋದರೆ ಮೊದಲು ಎತ್ತಿನ ಮುಖ ನೋಡುತ್ತಿರಲಿಲ್ಲ, ಅದನ್ನು ಕಟ್ಟಿದ್ದ ನೆಲ ನೋಡುತ್ತಿದ್ದ. ಸಗಣಿ ಗಟ್ಟಿಯಾಗಿ ಬಿದ್ದಿದೆಯೋ ನೀರಾಡಿದೆಯೋ, ಮುಂದೆ ಹಾಕಿದ ರಾಗಿಹುಲ್ಲು ಎಷ್ಟು ಮಿಕ್ಕಿದೆ, ಇದನ್ನೆಲ್ಲ ಕಂಡ ಮೇಲೆ ಬಾಯಿ ಬಿಡಿಸುವುದು. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದು ವಯಸ್ಸಿನ ಲೆಕ್ಕ ಅಲ್ಲೇ ಸಿಗುತ್ತಿತ್ತು. ಕೊಂಬು ಹೆರೆದು ಎಣ್ಣೆ ಸವರಿ ಮಿರಮಿರ ಮಿಂಚಿಸಿದ ಎತ್ತು ಕಂಡರೆ ಅವನಿಗೆ ಅನುಮಾನ ಹೆಚ್ಚುತ್ತಿತ್ತು. ಹಲ್ಲು ನೋಡಿದ ಮೇಲೂ ಹತ್ತು ಹೆಜ್ಜೆ ನಡೆಸಿ, ಗೊರಸು ಎತ್ತಿಸಿ, ನೊಗ ಕೊಟ್ಟು ನೋಡಿ, ಆಮೇಲಷ್ಟೇ ದಲ್ಲಾಳಿಯ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವ ಮಾತು.

ಅದೇ ಮನೆಯ ಮೊಮ್ಮಕ್ಕಳಾದ ನಾನೂ ನನ್ನ ತಮ್ಮನೂ ಒಂದು ಹಳೆಯ ಡೀಸೆಲ್ ಇಂಜಿನ್ ಕೊಳ್ಳುವಾಗ ಇದರಲ್ಲಿ ಒಂದನ್ನೂ ಮಾಡಲಿಲ್ಲ. ತಮ್ಮನದು ಹಳದಿ ಬೋರ್ಡಿನ ಡಿಸೈರ್, ವಿಮಾನ ನಿಲ್ದಾಣದ ಬಾಡಿಗೆ. ಒಂದು ಬೆಳಗಿನ ಜಾವ ಸಾದಹಳ್ಳಿ ಟೋಲ್ ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಆಯಿಲ್ ಸೋರಿ ಇಂಜಿನ್ ಬಿಗಿದುಕೊಂಡಿತು. ‘ಸೀಜ್ ಆಗೋಯ್ತಣ್ಣ’ ಎಂದು ಅವನು ಫೋನಿನಲ್ಲಿ ಹೇಳಿದ ದನಿ ಇನ್ನೂ ಕಿವಿಯಲ್ಲಿದೆ. ಎರಡೇ ದಿನಕ್ಕೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ನಿಂತಿದ್ದೆವು. ಡೀಸೆಲ್ಲಿನಲ್ಲಿ ತೊಳೆದು, ಬೆಳ್ಳಿ ಬಣ್ಣ ಹೊಡೆದು, ಪ್ಲಾಸ್ಟಿಕ್ ಸುತ್ತಿ ಇಟ್ಟ ಇಂಜಿನ್. ‘ಕೈ ಬಿದ್ದಿಲ್ಲ ಸಾರ್, ಓಪನ್ನೇ ಆಗಿಲ್ಲ, ಸ್ಟಾರ್ಟಿಂಗ್ ಗ್ಯಾರಂಟಿ’ ಎಂದರು. ಗೂಡ್ಸ್ ಆಟೋಗೆ ಹಾಕಿಸಿಕೊಂಡು ಬಂದೆವು. ಕೂರಿಸಲು ಮೂರು ದಿನ. ಗಾಡಿ ಓಡಿದ್ದು ಹನ್ನೊಂದು ದಿನ. ಹನ್ನೆರಡನೇ ದಿನ ಚಿಕ್ಕಜಾಲದ ಹತ್ತಿರ ಕೆಳಗಿನಿಂದ ಟಕ್ ಟಕ್ ಎಂಬ ಸದ್ದು ಎದ್ದಿತು. ಚೇಂಬರ್ ಬಿಚ್ಚಿದರೆ ಬೇರಿಂಗಿನ ಬೂದು ಪದರ ಸವೆದುಹೋಗಿ ತಾಮ್ರ ಕಾಣುತ್ತಿತ್ತು. ಗ್ಯಾರಂಟಿ ಇದ್ದದ್ದು ಸ್ಟಾರ್ಟಿಂಗಿಗೆ, ಸ್ಟಾರ್ಟ್ ಆಗಿತ್ತು. ಆ ತಿಂಗಳು ಕಾರಿನ ಕಂತಿಗೆ ಅಮ್ಮನ ಹಾಲಿನ ಡೇರಿಯ ಬಟವಾಡೆ ಹೋಯಿತು.

ಇದನ್ನು ಬರೆಯುತ್ತಿರುವುದು ಆ ಅಂಗಡಿಯ ಮೇಲಿನ ಸಿಟ್ಟಿಗಲ್ಲ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಒಂದು ಇಂಜಿನ್ನಿನ ಮೇಲೆ. ದೇವನಹಳ್ಳಿಯ ಬಳಿ ನಾಲ್ಕು ಸಾವಿರ ಎಕರೆಯ ಆಸುಪಾಸಿನಲ್ಲಿ ವಿಮಾನ ನಿಲ್ದಾಣ ಎದ್ದು, 2008ರ ಮೇ 24ರಂದು ಓಡಾಟ ಶುರುವಾದ ಮೇಲೆ ಸುತ್ತಲಿನ ಹಳ್ಳಿಗಳ ಹುಡುಗರು ನೇಗಿಲು ಬಿಟ್ಟು ಸ್ಟಿಯರಿಂಗ್ ಹಿಡಿದರು. ಹೊಸಕೋಟೆ ಕಡೆಯ ತರಕಾರಿ, ದೊಡ್ಡಬಳ್ಳಾಪುರದ ದ್ರಾಕ್ಷಿ, ಮಗ್ಗದ ಮನೆಗಳ ಸೀರೆ ಗಂಟು ಎಲ್ಲವೂ ಮಾರುಕಟ್ಟೆ ಸೇರುವುದು ಚಿಕ್ಕ ಟೆಂಪೋಗಳಲ್ಲಿ. ಈ ಗಾಡಿಗಳು ಮನೆಯ ಕಾರಿನಂತೆ ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಓಡುವುದಿಲ್ಲ, ಒಂದೂವರೆ ತಿಂಗಳಿಗೆ ಅಷ್ಟು ಓಡುತ್ತವೆ. ಬಾಡಿ ಗಟ್ಟಿಯಿರುತ್ತದೆ, ಸಾಲ ಬಾಕಿಯಿರುತ್ತದೆ, ಇಂಜಿನ್ ಮಾತ್ರ ಮುಗಿದಿರುತ್ತದೆ.

ಹೊಸದು ಹಾಕಿಸೋಣವೆಂದರೆ ಸುಲಭವಿಲ್ಲ. 2020ರ ಏಪ್ರಿಲ್ 1ರಂದು ಬಿ.ಎಸ್. 6 ನಿಯಮ ಜಾರಿಗೆ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಟೊಯೊಟಾದ ಎಟಿಯಾಸ್ ಕೂಡ ಅದೇ ವರ್ಷ ನಿಂತಿತು. ಡಿಸೈರ್‌ನಲ್ಲಿದ್ದ 1248 ಸಿ.ಸಿ.ಯ ಮಲ್ಟಿಜೆಟ್ ಇಂಜಿನ್ ಮೂಲದಲ್ಲಿ ಫಿಯಟ್ ಕಂಪನಿಯದು. ಸ್ವಿಫ್ಟ್, ರಿಟ್ಜ್, ಟಾಟಾದ ವಿಸ್ತಾ, ಮಾಂಜಾ, ಫಿಯಟ್‌ನ ಪುಂಟೊ, ಲೀನಿಯಾ ಹೀಗೆ ಎಷ್ಟೋ ಕಾರುಗಳ ಹೊಟ್ಟೆಯಲ್ಲಿ ಕೂತಿದ್ದ ಇಂಜಿನ್ ಅದು. ತಯಾರಿಕೆ ನಿಂತರೂ ಆ ಕಾರುಗಳು ರಸ್ತೆಯಲ್ಲಿವೆ. ಅವಕ್ಕೆ ಜೀವ ಬರುವುದು ಇನ್ನೊಂದು ಕಾರಿನಿಂದ: ಅಪಘಾತವಾದದ್ದು, ನೀರಲ್ಲಿ ಮುಳುಗಿದ್ದು, ಗುಜರಿಗೆ ಬಿದ್ದದ್ದು. ಶಿವಾಜಿನಗರದ ಗುಜರಿ ಸಾಲಿನಲ್ಲಿ ಸಿಗದಿದ್ದರೆ ಚೆನ್ನೈನ ಪುದುಪೇಟೆಯವರೆಗೆ ಹೋಗಿ ತರುವವರಿದ್ದಾರೆ. ಹಳೆಯ ಇಂಜಿನ್ ಕೊಳ್ಳುವುದು ತಪ್ಪಲ್ಲ, ಹಲವರಿಗೆ ಅದೊಂದೇ ದಾರಿ. ತಪ್ಪಾಗುವುದು ಅದನ್ನು ನೆಲದ ಮೇಲೆ ಇಟ್ಟುಕೊಂಡಿರುವಾಗ ಕಳೆಯಬೇಕಾದ ಒಂದು ಗಂಟೆಯನ್ನು ಕಳೆಯದೆ ಹೋಗುವುದರಲ್ಲಿ. ಒಮ್ಮೆ ಗಾಡಿಯೊಳಗೆ ಕೂರಿಸಿದರೆ ಆಕ್ಸಲ್, ಗೇರ್ ಬಾಕ್ಸ್, ಎ.ಸಿ. ಗ್ಯಾಸು, ವೈರಿಂಗು ಎಲ್ಲ ಅದಕ್ಕೆ ಸುತ್ತಿಕೊಳ್ಳುತ್ತವೆ. ಹಾಕಿದ ಕೂಲಿಯಷ್ಟೇ ತೆಗೆಯುವ ಕೂಲಿ.

ಎರಡನೇ ಸಲ ನಾವು ದೊಡ್ಡಬಳ್ಳಾಪುರದ ಒಬ್ಬ ಹಿರಿಯ ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಹೋದೆವು. ಮೂರು ಕಡೆ ನೋಡಿದರು, ಎರಡು ಕಡೆ ಮಾತೇ ಆಡದೆ ಹೊರಗೆ ಬಂದರು. ಒಂದು ಕಡೆ ಬಣ್ಣ ಹೊಡೆದಿತ್ತು. ‘ಇಂಜಿನ್‌ಗೆ ಯಾರಪ್ಪಾ ಬಣ್ಣ ಹೊಡೀತಾರೆ? ಕಂಪನಿಯವ್ರು ಹೊಡ್ದಿಲ್ಲ’ ಎಂದು ಹೊರಗೆ ಬಂದ ಮೇಲೆ ನಮಗೆ ಹೇಳಿದರು. ಇನ್ನೊಂದು ಕಡೆ ಹೆಡ್ಡಿನ ಅಂಚಿನಲ್ಲಿ ಕೆಂಪು ಸಿಲಿಕಾನ್ ಪೇಸ್ಟ್ ಉಬ್ಬಿ ಹೊರಬಂದಿತ್ತು, ಬೋಲ್ಟಿನ ತಲೆಗಳ ಮೂಲೆ ಸವೆದಿತ್ತು. ಯಾರೋ ಬಿಚ್ಚಿ ಕಟ್ಟಿದ್ದಾರೆ. ಬಿಚ್ಚಿದ್ದೇ ದೋಷವೆಂದಲ್ಲ, ಬಿಚ್ಚಿದ್ದನ್ನು ಮುಚ್ಚಿಡುವುದು ದೋಷ. ಕೈ ಬಿದ್ದ ಇಂಜಿನ್ನಿನಲ್ಲಿ ಬೋರ್ ಹೊಡೆಸಿದ್ದಾರೋ, ರಿಂಗ್ ಮಾತ್ರ ಬದಲಿಸಿದ್ದಾರೋ, ಯಾವ ಕಂಪನಿಯ ಬೇರಿಂಗ್ ಹಾಕಿದ್ದಾರೋ ಕೇಳಿ ತಿಳಿಯಬೇಕು. ಹೇಳಲಾಗದವರ ಹತ್ತಿರ ಕೊಳ್ಳಬಾರದು.

ಮೂರನೆಯದು ಜಿಡ್ಡು ಮೆತ್ತಿಕೊಂಡು, ಧೂಳು ಹತ್ತಿ, ಕುರೂಪವಾಗಿ ಒಂದು ಲಾರಿ ಟೈರಿನ ಮೇಲೆ ಕೂತಿತ್ತು. ಮೇಸ್ತ್ರಿ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಅಜ್ಜನ ಹಾಗೆಯೇ ಮೊದಲು ಕೆಳಗೆ ನೋಡಿದರು: ಟೈರಿನೊಳಗೆ ಆಯಿಲ್ ತೊಟ್ಟಿಕ್ಕಿದೆಯೇ, ತೊಟ್ಟಿಕ್ಕಿದ್ದರೆ ಮುಂದಿನ ಸೀಲಿನಿಂದಲೋ ಹಿಂದಿನದರಿಂದಲೋ. ತೊಳೆಯದ ಇಂಜಿನ್ನಿನ ಜಿಡ್ಡು ಅದರ ದಿನಚರಿ ಇದ್ದ ಹಾಗೆ. ಎಲ್ಲಿ ಸೋರಿದೆಯೋ ಅಲ್ಲಿ ಧೂಳು ದಪ್ಪಗೆ ಕೂತಿರುತ್ತದೆ. ತೊಳೆದವರು ಆ ಗುರುತನ್ನೇ ಅಳಿಸುತ್ತಾರೆ.

ಆಮೇಲೆ ಆಯಿಲ್ ಮುಚ್ಚಳ ತೆಗೆದು ಅದರ ಒಳಬದಿಯನ್ನು ಬೆರಳಿಂದ ಸವರಿದರು. ಕಪ್ಪಗಿತ್ತು. ಡೀಸೆಲ್ ಇಂಜಿನ್ನಿನ ಆಯಿಲ್ ಕಪ್ಪಾಗುವುದು ಸಹಜ, ಹೊಸ ಆಯಿಲ್ ಹಾಕಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ. ಅಂದರೆ ನೀರು ಆಯಿಲ್ಲಿಗೆ ಸೇರಿದೆ: ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಹೆಡ್ ಬಿರಿದಿರಬಹುದು, ಆಯಿಲ್ ಕೂಲರ್ ಒಳಗೇ ಸೋರಿರಬಹುದು. ಬೆಲ್ಲದ ಪಾಕದಂತೆ ಗಟ್ಟಿ ಗಸಿ ಕಂಡರೂ ಬೇಡ, ಆಯಿಲ್ ಬದಲಿಸದೆ ವರ್ಷಗಟ್ಟಲೆ ಓಡಿಸಿದ್ದಾರೆ ಎಂದರ್ಥ. ಈ ಇಂಜಿನ್ನಿನ ಕ್ಯಾಮ್ ತಿರುಗಿಸುವುದು ಟೈಮಿಂಗ್ ಚೈನು. ಅದನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಆಯಿಲ್ ಒತ್ತಡದ ಮೇಲೇ ನಿಂತಿರುತ್ತದೆ. ಆಯಿಲ್ ಕೆಟ್ಟರೆ ಚೈನೂ ಕೆಟ್ಟ ಹಾಗೆ.

ನಮ್ಮನ್ನು ಮೊದಲ ಸಲ ಉಳಿಸಬಹುದಾಗಿದ್ದ ಪರೀಕ್ಷೆ ಇದರ ಮುಂದಿನದು. ಮೇಸ್ತ್ರಿ ಆಯಿಲ್ ಫಿಲ್ಟರಿನ ಡಬ್ಬಿ ತಿರುವಿ ಒಳಗಿನ ಕಾಗದವನ್ನು ಹೊರಗೆ ತೆಗೆದರು. ಚಾಕುವಿನಿಂದ ಕುಯ್ದು, ಮಡಿಕೆಗಳನ್ನು ದಿನಪತ್ರಿಕೆಯ ಮೇಲೆ ಸೀರೆಯ ನೆರಿಗೆ ಬಿಡಿಸುವ ಹಾಗೆ ಒಂದೊಂದಾಗಿ ಬಿಡಿಸಿದರು. ಹಿಂಡಿ ಆಯಿಲ್ ಬಸಿದರು. ಬಿಸಿಲಿಗೆ ಹಿಡಿದು ಓರೆಯಾಗಿ ಆಡಿಸಿದರು. ಇಂಜಿನ್ನಿನೊಳಗೆ ಎಲ್ಲಿ ಲೋಹ ಸವೆದರೂ ಅದರ ಪುಡಿ ಕೊನೆಗೆ ಬಂದು ಸಿಕ್ಕಿಕೊಳ್ಳುವುದು ಈ ಕಾಗದದಲ್ಲಿ. ಅಯಸ್ಕಾಂತಕ್ಕೆ ಅಂಟುವ ಚೂರು ಇದ್ದರೆ ಕಬ್ಬಿಣ, ಅಂದರೆ ಕ್ರ್ಯಾಂಕ್, ಕ್ಯಾಮ್, ರಿಂಗು, ಬೋರು ಇವುಗಳಲ್ಲಿ ಯಾವುದೋ ಒಂದು. ಅಂಟದ ಬೆಳ್ಳಿ ಮಿನುಗು ಪಿಸ್ಟನ್ನಿನದೋ ಬೇರಿಂಗಿನ ಮೇಲ್ಪದರದ್ದೋ. ತಾಮ್ರದ ಬಣ್ಣ ಕಂಡರೆ ಬೇರಿಂಗಿನ ಮೇಲ್ಪದರ ಹೋಗಿ ಒಳಪದರಕ್ಕೆ ಬಂದಿದೆ, ಆ ಇಂಜಿನ್ನಿಗೆ ಉಳಿದಿರುವುದು ದಿನಗಳು ಮಾತ್ರ. ನಾವು ಮೊದಲು ತಂದ ಇಂಜಿನ್ನಿನ ಫಿಲ್ಟರನ್ನು ಹತ್ತು ನಿಮಿಷ ಕೊಟ್ಟು ಬಿಡಿಸಿದ್ದರೆ ಈ ಲೇಖನ ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ. ಫಿಲ್ಟರ್ ಹೊಚ್ಚ ಹೊಸದಾಗಿದ್ದರೆ? ಮಾರುವ ಮುಂಚೆ ಯಾರೋ ಬದಲಿಸಿದ್ದಾರೆ. ಆಗ ಚೇಂಬರ್ ಬಿಚ್ಚಿಸಲೇಬೇಕು.

ಚೇಂಬರ್ ಎಂದರೆ ಇಂಜಿನ್ನಿನ ತಳದ ಆಯಿಲ್ ತೊಟ್ಟಿ. ಇಂಜಿನ್ ಹೊರಗಿರುವಾಗ ಅದನ್ನು ಬಿಚ್ಚುವುದು ಅರ್ಧ ಗಂಟೆಯ ಕೆಲಸ, ಗಾಡಿಯೊಳಗೆ ಹೋದ ಮೇಲೆ ಅರ್ಧ ದಿನದ್ದು. ಬಿಚ್ಚಿದರೆ ಆಯಿಲ್ ಹೀರುವ ಕೊಳವೆಯ ತುದಿಯ ಜಾಲರಿ ಕಾಣುತ್ತದೆ. ಅಲ್ಲಿ ಕಪ್ಪು ಕರಿ ಗಟ್ಟಿಯಾಗಿ ಕೂತಿದ್ದರೆ, ಅಥವಾ ಹಿಂದೆ ಯಾರೋ ಧಾರಾಳವಾಗಿ ಹಚ್ಚಿದ ಸಿಲಿಕಾನ್ ಪೇಸ್ಟಿನ ಎಳೆಗಳು ಸಿಕ್ಕಿಕೊಂಡಿದ್ದರೆ, ಪಂಪಿಗೆ ಆಯಿಲ್ ಸಾಲದೆ ಬೇರಿಂಗುಗಳು ಒಣಗಿ ಓಡಿವೆ. ಒಂದೇ ಒಂದು ಬಿಗ್ ಎಂಡ್ ಕ್ಯಾಪ್ ಬಿಚ್ಚಿ ಬೇರಿಂಗ್ ನೋಡಲು ಮಾರುವವರು ಒಪ್ಪಿದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಬೂದು ಬಣ್ಣ ಒಂದೇ ಸಮನೆ ಇರಬೇಕು, ಉಗುರಿಗೆ ಗೀರು ಸಿಗಬಾರದು. ಹೊಸ ಇಂಜಿನ್ನುಗಳಲ್ಲಿ ಆ ಬೋಲ್ಟುಗಳನ್ನು ಮತ್ತೆ ಬಳಸಬಹುದೋ ಹೊಸದೇ ಹಾಕಬೇಕೋ ಎಂಬುದನ್ನು ಮಾತ್ರ ಆ ಇಂಜಿನ್ನಿನ ಕೈಪಿಡಿ ನೋಡಿ ತೀರ್ಮಾನಿಸಬೇಕು.

ಇಷ್ಟಾದ ಮೇಲೆ ಮೇಸ್ತ್ರಿ ಕ್ರ್ಯಾಂಕಿನ ತುದಿಗೆ ಉದ್ದ ಹಿಡಿಯ ಸಾಕೆಟ್ ಹಾಕಿ ತಮ್ಮನ ಕೈಗೆ ಕೊಟ್ಟರು. ‘ನೀನೇ ತಿರುಗ್ಸು, ಗಾಡಿ ನಿಂದು.’ ಇಂಜಿನ್ ಓಡುವ ದಿಕ್ಕಿಗೇ ತಿರುಗಿಸಬೇಕು. ಎರಡು ಪೂರಾ ಸುತ್ತಿಗೆ ನಾಲ್ಕು ಸಿಲಿಂಡರುಗಳೂ ಒಂದೊಂದು ಸಲ ಗಾಳಿ ಒತ್ತುತ್ತವೆ. ತಮ್ಮ ನಿಧಾನಕ್ಕೆ ತಿರುಗಿಸಿದ. ಕೈಗೆ ಬಿಗಿಯಾಯಿತು, ಸಡಿಲವಾಯಿತು, ಮತ್ತೆ ಬಿಗಿಯಾಯಿತು. ಹಾಲು ಕರೆಯುವಾಗ ನಾಲ್ಕು ಮೊಲೆಗಳಲ್ಲಿ ಯಾವುದು ಗಟ್ಟಿ ಎಂದು ಕೈಗೇ ಗೊತ್ತಾಗುತ್ತದಲ್ಲ, ಹಾಗೆ. ಒಂದು ಕಡೆ ಏನೂ ಬಿಗಿಯಾಗದೆ ಜಾರಿಹೋದರೆ ಆ ಸಿಲಿಂಡರ್ ಗಾಳಿ ಬಿಡುತ್ತಿದೆ. ಸುತ್ತಿನ ಯಾವುದೋ ಒಂದು ಜಾಗದಲ್ಲಿ ಲೋಹ ಲೋಹಕ್ಕೆ ತಾಗಿ ನಿಂತರೆ ಬಲ ಹಾಕಬಾರದು. ಕ್ರ್ಯಾಂಕನ್ನು ಮುಂದಕ್ಕೂ ಹಿಂದಕ್ಕೂ ಮೀಟಿ ನೋಡಿದಾಗ ಕಣ್ಣಿಗೆ ಕಾಣುವಷ್ಟು ಅಲುಗಾಡಿದರೆ ಥ್ರಸ್ಟ್ ಬೇರಿಂಗ್ ಮುಗಿದಿದೆ.

ಕಂಪ್ರೆಷನ್ ಗೇಜಿನ ಮಾತಿಗೆ ಬರೋಣ. ಡೀಸೆಲ್ ಇಂಜಿನ್ನಿನಲ್ಲಿ ಗ್ಲೋ ಪ್ಲಗ್ ಬಿಚ್ಚಿದ ತೂತಿಗೆ, ಪೆಟ್ರೋಲ್ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಜಾಗಕ್ಕೆ ಗೇಜ್ ಹಾಕಿ, ಸ್ಟಾರ್ಟರ್ ತಿರುಗಿಸಿ ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡುವುದು. ಪೆಟ್ರೋಲಿಗೆ ಸಾಮಾನ್ಯವಾಗಿ 150ರಿಂದ 200 ಪಿ.ಎಸ್.ಐ., ಡೀಸೆಲ್ಲಿಗೆ 350ರಿಂದ 450. ಮುಂಚಕ್ರ ಎಳೆಯುವ ಬಹುಪಾಲು ಕಾರುಗಳಲ್ಲಿ ಸ್ಟಾರ್ಟರ್ ಕೂರುವುದು ಗೇರ್ ಬಾಕ್ಸಿನ ಗಂಟೆಯಾಕಾರದ ಹೊದಿಕೆಯ ಮೇಲೆ. ಗೇರ್ ಬಾಕ್ಸ್ ಕಳಚಿ ಬರಿ ಇಂಜಿನ್ ಇಟ್ಟಿದ್ದರೆ ಸ್ಟಾರ್ಟರ್ ತಿರುಗಿಸಲು ಸಾಧ್ಯವೇ ಇಲ್ಲ. ಆದ್ದರಿಂದ ಇಂಜಿನ್ ಹುಡುಕುವಾಗ ಗೇರ್ ಬಾಕ್ಸ್ ಸಮೇತ ಇರುವುದನ್ನೇ ಕೇಳುವುದು ಒಳ್ಳೆಯದು. ಬ್ಯಾಟರಿ ಪೂರ್ತಿ ಚಾರ್ಜಾಗಿರಬೇಕು, ನಾಲ್ಕಕ್ಕೂ ಒಂದೇ ಅವಧಿ ತಿರುಗಿಸಬೇಕು.

ಇಲ್ಲಿ ನಮ್ಮ ನೆಲಕ್ಕೇ ಸೇರಿದ ಒಂದು ಲೆಕ್ಕವಿದೆ, ಅದನ್ನು ತಿಳಿಯದೆ ಒಳ್ಳೆಯ ಇಂಜಿನ್ನನ್ನೂ ಬೇಡವೆಂದವರಿದ್ದಾರೆ. ಕೈಪಿಡಿಯಲ್ಲಿ ಅಚ್ಚಾದ ಅಂಕಿ ಸಾಧಾರಣವಾಗಿ ಸಮುದ್ರಮಟ್ಟದ ಗಾಳಿಗೆ ಹೊಂದುವಂಥದ್ದು. ನಮ್ಮ ವಿಮಾನ ನಿಲ್ದಾಣ ಇರುವುದು 915 ಮೀಟರ್ ಎತ್ತರದಲ್ಲಿ. ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆಗಳೂ ಹೆಚ್ಚುಕಡಿಮೆ ಅದೇ ಮಟ್ಟ. ಇಷ್ಟು ಎತ್ತರದಲ್ಲಿ ಗಾಳಿಯ ಒತ್ತಡವೇ ಹತ್ತರಲ್ಲಿ ಒಂದು ಪಾಲು ಕಡಿಮೆ, ಹೀಗಾಗಿ ಸಿಲಿಂಡರಿಗೆ ಹೋಗುವ ಗಾಳಿಯೂ ಅಷ್ಟು ಕಡಿಮೆ. ಚೆನ್ನೈನಲ್ಲಿ 400 ತೋರಿಸಿದ ಇಂಜಿನ್ ಇಲ್ಲಿ 360ರ ಸುತ್ತ ತೋರಿಸಿದರೆ ಅದು ಕಾಯಿಲೆಯಲ್ಲ, ಊರಿನ ಎತ್ತರ. ಅಂಕಿಗಿಂತ ಮುಖ್ಯವಾದದ್ದು ನಾಲ್ಕೂ ಒಂದಕ್ಕೊಂದು ಹತ್ತಿರವಿರುವುದು. ಮೂರು 360 ತೋರಿಸಿ ಒಂದು 290ಕ್ಕೆ ನಿಂತರೆ ಅದೇ ನಿಜವಾದ ಸುದ್ದಿ. ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಮೇಲೆದ್ದರೆ ರಿಂಗು, ಬೋರು ಸವೆದಿವೆ. ಏಳದಿದ್ದರೆ ವಾಲ್ವು ಅಥವಾ ಗ್ಯಾಸ್ಕೆಟ್ಟಿನ ತೊಂದರೆ. ಡೀಸೆಲ್ಲಿನಲ್ಲಿ ಆಯಿಲ್ ಹೆಚ್ಚು ಬಿಟ್ಟರೆ ಒತ್ತಡಕ್ಕೆ ಅದೇ ಹೊತ್ತಿಕೊಳ್ಳಬಹುದು, ಚಮಚ ದಾಟಬಾರದು.

ಸ್ಟಾರ್ಟರ್ ಇಲ್ಲದಿದ್ದರೂ ಆಗುವ ಇನ್ನೊಂದು ಪರೀಕ್ಷೆಗೆ ಬೇಕಾದ ಕಂಪ್ರೆಸರ್ ಹೆದ್ದಾರಿ ಬದಿಯ ಪ್ರತಿ ಪಂಕ್ಚರ್ ಅಂಗಡಿಯಲ್ಲಿದೆ. ನಮ್ಮ ಮೇಸ್ತ್ರಿ ಮಾಡಿದ್ದೂ ಇದನ್ನೇ. ಪಿಸ್ಟನ್ನನ್ನು ಮೇಲಿನ ತುದಿಗೆ ತಂದು, ಎಲ್ಲ ವಾಲ್ವುಗಳೂ ಮುಚ್ಚಿರುವಾಗ ಗ್ಲೋ ಪ್ಲಗ್ಗಿನ ತೂತಿನಿಂದ ಗಾಳಿ ತುಂಬಿ, ಎಲ್ಲಿ ಸೋರುತ್ತದೆಂದು ಕಿವಿಗೊಡುವುದು. ಗಾಳಿ ಬಿಡುವಾಗ ಕ್ರ್ಯಾಂಕ್ ಸರ್ರನೆ ತಿರುಗಿ ಸಾಕೆಟ್ ಹಿಡಿ ಕೈಗೆ ಬಡಿಯಬಹುದು, ಹುಷಾರಾಗಿ ಅದನ್ನು ಭದ್ರ ಮಾಡಿಕೊಳ್ಳಬೇಕು. ಸುಸ್ಸೆಂಬ ಸದ್ದು ಆಯಿಲ್ ಮುಚ್ಚಳದ ತೂತಿನಲ್ಲಿ ಕೇಳಿದರೆ ರಿಂಗು. ಸೈಲೆನ್ಸರ್ ಕಡೆ ಕೇಳಿದರೆ ಎಕ್ಸಾಸ್ಟ್ ವಾಲ್ವು, ಗಾಳಿ ಒಳಬರುವ ಕಡೆ ಕೇಳಿದರೆ ಇನ್‌ಟೇಕ್ ವಾಲ್ವು. ನೀರಿನ ಬಾಯಿಗೆ ನೀರು ತುಂಬಿಟ್ಟಿದ್ದರೆ, ಹೆಡ್ ಗ್ಯಾಸ್ಕೆಟ್ ಸೋರುವಾಗ ಅಲ್ಲಿ ಗುಳ್ಳೆ ಏಳುತ್ತವೆ. ಕಿವಿಯಲ್ಲೇ ಕಾಯಿಲೆಯ ಜಾಗ ಹಿಡಿಯುವ ಪರೀಕ್ಷೆ ಇದು. ಇದನ್ನು ಕಲಿಯದ ಗ್ಯಾರೇಜ್ ಹುಡುಗ ಯಾವ ತಾಲ್ಲೂಕಿನಲ್ಲೂ ಇರಬಾರದು ಎಂಬುದು ನನ್ನ ಆಸೆ.

ನೀರಿನ ಬಾಯಿ ಎಂದೆ. ನಮ್ಮ ಜಿಲ್ಲೆಯಲ್ಲಿ ಓಡಿದ ಇಂಜಿನ್ನಿಗೆ ಅದನ್ನು ನೋಡದೆ ಬಿಡಲೇಬಾರದು. ಇಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿ ಎಷ್ಟೋ ವರ್ಷವಾಯಿತು, ಬರುವ ನೀರು ಗಡಸು. ಸ್ನಾನದ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಚಕ್ಕೆಯನ್ನು ಎಲ್ಲರೂ ನೋಡಿದ್ದೇವೆ. ಅದೇ ನೀರನ್ನು ರೇಡಿಯೇಟರಿಗೆ ಸುರಿದರೆ ಅದೇ ಚಕ್ಕೆ ಇಂಜಿನ್ನಿನ ನೀರಿನ ದಾರಿಯಲ್ಲಿ ಕಟ್ಟುತ್ತದೆ. ಹಂಡೆಯಾದರೆ ತಿಕ್ಕಬಹುದು, ಸಿಲಿಂಡರಿನ ಸುತ್ತಲಿನ ಬೆರಳಗಲದ ಸಂದನ್ನು ತಿಕ್ಕುವವರು ಯಾರು? ಶಾಖ ನೀರಿಗೆ ಇಳಿಯುವುದಿಲ್ಲ. ಕಬ್ಬಿಣದ ಬ್ಲಾಕ್ ಮೇಲೆ ಅಲ್ಯೂಮಿನಿಯಂ ಹೆಡ್ ಕೂತಿರುವ ಇಂಜಿನ್ನಿನಲ್ಲಿ ಕಾವು ಏರಿದಾಗ ಅಲ್ಯೂಮಿನಿಯಂ ಹೆಚ್ಚು ಹಿಗ್ಗುತ್ತದೆ, ಅತಿಯಾದರೆ ಹೆಡ್ ಡೊಂಕಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಥರ್ಮೋಸ್ಟಾಟ್ ಮುಚ್ಚಳ ಎರಡು ಮೂರು ಬೋಲ್ಟಿನದು, ಬಿಚ್ಚಿ ಟಾರ್ಚ್ ಹಾಕಿ. ಕೂಲೆಂಟಿನ ಹಸಿರೋ ಕೆಂಪೋ ಬಣ್ಣದ ಕಲೆ, ಒಳಗೆ ನುಣುಪಾದ ಲೋಹ ಕಂಡರೆ ಆ ಗಾಡಿಯ ಮಾಲೀಕ ಇಂಜಿನ್ನನ್ನು ಸಾಕಿದವನು. ಇಟ್ಟಿಗೆ ಬಣ್ಣದ ತುಕ್ಕು, ಬಿಳಿ ಹೊಪ್ಪಳೆ ಕಂಡರೆ ಬೋರ್ ನೀರು ಕುಡಿಸಿದವನು. ‘ನಮ್ಮ ಕಡೆ ಹಿಮ ಬೀಳಲ್ಲ, ಕೂಲೆಂಟ್ ಯಾಕೆ’ ಎಂದು ಕೇಳುವ ಡ್ರೈವರುಗಳು ಇಂದಿಗೂ ಇದ್ದಾರೆ. ಕೂಲೆಂಟ್ ಬೇಕಾಗಿರುವುದು ಹಿಮಕ್ಕಲ್ಲ, ತುಕ್ಕಿಗೆ ಮತ್ತು ಕುದಿಯುವುದಕ್ಕೆ. ಅದನ್ನು ಬೆರೆಸಬೇಕಾದದ್ದೂ ಬಟ್ಟಿ ಇಳಿಸಿದ ನೀರಿಗೆ.

ಮುಳುಗಿದ ಗಾಡಿಗಳ ಇಂಜಿನ್ನಿನ ಸಂಗತಿ ಬೇರೆಯದೇ. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿತು, 2022ರ ಸೆಪ್ಟೆಂಬರಿನಲ್ಲಿ ನಮ್ಮ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರುಗಳಲ್ಲಿ ಕಾರುಗಳು ಬಾನೆಟ್ಟಿನವರೆಗೆ ನೀರಲ್ಲಿ ನಿಂತಿದ್ದನ್ನು ನೋಡಿದ್ದೇವೆ. ನಿಂತ ನೀರಲ್ಲಿ ಸ್ಟಾರ್ಟ್ ಮಾಡಿದರೆ ಸಿಲಿಂಡರಿಗೆ ನೀರು ನುಗ್ಗುತ್ತದೆ. ಗಾಳಿಯಂತೆ ನೀರು ಕುಗ್ಗುವುದಿಲ್ಲ, ಕುಗ್ಗುವುದು ಕನೆಕ್ಟಿಂಗ್ ರಾಡು. ಕೂದಲೆಳೆಯಷ್ಟು ಬಾಗಿದರೂ ಇಂಜಿನ್ ಓಡುತ್ತದೆ, ಕೆಲ ಸಾವಿರ ಕಿಲೋಮೀಟರ್ ಆದ ಮೇಲೆ ಮುರಿದು ಬ್ಲಾಕನ್ನೇ ತೂತು ಮಾಡುತ್ತದೆ. ಆಲ್ಟರ್ನೇಟರಿನ ಸಂದಿಯಲ್ಲಿ, ಗಾಳಿ ಕೊಳವೆಯೊಳಗೆ ಒಣಗಿದ ಸಣ್ಣ ಕೆಸರು ಇದೆಯೇ ಎಂದು ಹತ್ತಿಯಿಂದ ಒರೆಸಿ ನೋಡಬೇಕು. ಅನುಮಾನ ಬಂದರೆ ನಾಜಲ್ ಬಿಚ್ಚಿದ ತೂತಿನಿಂದ ನೆಟ್ಟಗಿನ ಕಂಬಿ ಇಳಿಸಿ, ಪಿಸ್ಟನ್ ಅತಿ ಮೇಲೆ ಬಂದಾಗ ಕಂಬಿಯ ಮೇಲೆ ಗುರುತು ಹಾಕಿ. ನಾಲ್ಕು ಗುರುತುಗಳೂ ಒಂದೇ ಕಡೆ ಬರಬೇಕು. ಕಂಬಿ ಹೆಚ್ಚು ಆಳಕ್ಕಿಳಿದು ಒಂದು ಗುರುತು ಉಳಿದವಕ್ಕಿಂತ ಮೇಲೆ ಬಿದ್ದರೆ ಆ ರಾಡ್ ಬಾಗಿದೆ. ಇಷ್ಟಕ್ಕೆ ಬೇಕಾದದ್ದು ಒಂದು ಕಂಬಿ, ಒಂದು ಮಾರ್ಕರ್ ಪೆನ್ನು.

ಇಂಜಿನ್ ಓಡುವ ಸ್ಥಿತಿಯಲ್ಲೇ ಇದ್ದರೆ ಅದು ಪುಣ್ಯ. ಆಗಲೂ ಬಿಸಿ ಇಂಜಿನ್ ತೋರಿಸಿದರೆ ಒಪ್ಪಬೇಡಿ, ಪೂರ್ತಿ ತಣ್ಣಗಾದ ಮೇಲೆ ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಆಯಿಲ್ ಉರಿಯುವುದು. ನಿಲ್ಲದ, ಸಿಹಿ ವಾಸನೆಯ ಬಿಳಿ ಹೊಗೆ ಕೂಲೆಂಟ್ ಉರಿಯುವುದು. ಆಯಿಲ್ ಮುಚ್ಚಳವನ್ನು ತಿರುಗಿಸಿ ತೂತಿನ ಮೇಲೆ ಸುಮ್ಮನೆ ಇಟ್ಟರೆ ತುಸು ಕುಣಿಯುವುದು ಸಹಜ, ಹಾರಿ ಬೀಳುವಷ್ಟು ಬ್ಯಾಕ್ ಕಂಪ್ರೆಷನ್ ಹೊಡೆದರೆ ಬೇಡ. ಆಯಿಲ್ ಲೈಟಿನ ಸ್ವಿಚ್ ಬಿಚ್ಚಿ ಅಲ್ಲಿಗೆ ಗೇಜ್ ಹಾಕಿ ಬಿಸಿ ಇಂಜಿನ್ನಿನ ಒತ್ತಡ ನೋಡುವುದು ನೂರು ಮಾತಿಗಿಂತ ಮೇಲು.

ಆದರೆ ಇದೆಲ್ಲಕ್ಕಿಂತ ಮೊದಲು, ಕೈಗೆ ಸ್ಪಾನರ್ ತೆಗೆದುಕೊಳ್ಳುವ ಮೊದಲೇ, ನೋಡಬೇಕಾದದ್ದು ಬ್ಲಾಕಿನ ಮೇಲೆ ಕೊರೆದ ನಂಬರ್. ಅಕ್ಷರಗಳ ಸುತ್ತ ಉಜ್ಜಿದ ಗೀರು ಇದ್ದರೆ, ಅಂಕಿಗಳ ಸಾಲು ಸೊಟ್ಟಗಿದ್ದರೆ ಎಷ್ಟೇ ಒಳ್ಳೆಯ ಇಂಜಿನ್ ಆದರೂ ಅಲ್ಲಿಂದ ಎದ್ದು ಬರಬೇಕು. ಕದ್ದ ಗಾಡಿಗಳನ್ನು ಕತ್ತರಿಸಿ ಮಾರುವ ದಂಧೆಗೆ ಹೆಸರಾದ ಮೀರತ್‌ನ ಸೋತಿಗಂಜ್ ಮಾರುಕಟ್ಟೆಯನ್ನು ಪೊಲೀಸರು 2021ರ ಡಿಸೆಂಬರಿನಲ್ಲಿ ಮುಚ್ಚಿಸಿದರು. ಅಂಥ ಇಂಜಿನ್ ಯಾವ ಊರಿಗಾದರೂ ಬಂದಿರಬಹುದು. ಹಳೆಯ ಗಾಡಿಯ ಆರ್.ಸಿ. ನಕಲು ಕೇಳಿ ಪಡೆಯಬೇಕು, ಬಿಲ್ಲಿನಲ್ಲಿ ಇಂಜಿನ್ ನಂಬರ್ ಬರೆಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಜಿನ್ ಬದಲಿಸುವುದನ್ನು ಗಾಡಿಯ ಬದಲಾವಣೆ ಎಂದು ಪರಿಗಣಿಸುತ್ತದೆ. ಹತ್ತಕ್ಕೆ ಕಡಿಮೆಯಿಲ್ಲದಂತೆ ಬಾಡಿಗೆ ವಾಹನ ಇರುವ ಮಾಲೀಕರಿಗೆ ಸರ್ಕಾರ ಅಧಿಕಾರ ಕೊಟ್ಟಿದ್ದರೆ, ಅವರು ಅದೇ ಕಂಪನಿಯ ಅದೇ ಬಗೆಯ ಇಂಜಿನ್ ಹಾಕಿ 14 ದಿನದೊಳಗೆ ತಿಳಿಸಬಹುದು. ಒಂದೇ ಗಾಡಿ ನಂಬಿದವನಿಗೆ ಆ ಸವಲತ್ತಿಲ್ಲ, ಮೊದಲೇ ಆರ್.ಟಿ.ಒ. ಕಚೇರಿಯ ಒಪ್ಪಿಗೆ ಪಡೆಯಬೇಕು. ನಮ್ಮ ಕಡೆಯವರಿಗೆ ಅದು ಕೆ.ಎ. 43ರ ದೇವನಹಳ್ಳಿ ಕಚೇರಿ, ನೆಲಮಂಗಲದವರಿಗೆ ಕೆ.ಎ. 52. ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ವರ್ಷವರ್ಷವೂ ಎಫ್.ಸಿ. ಮಾಡಿಸಬೇಕು. ನಂಬರ್ ತಾಳೆಯಾಗದಿದ್ದರೆ ಅಲ್ಲಿ ಸಿಕ್ಕಿಬೀಳುವುದು ಖಂಡಿತ, ಅಪಘಾತವಾದ ದಿನ ವಿಮೆಯವರ ಮುಂದೆ ನಿಲ್ಲುವುದು ಅದಕ್ಕಿಂತ ಕಷ್ಟ.

ಇಂಜಿನ್ ಒಂದೇ ಜಾತಿಯಾದರೂ ಒಳಗಿನ ಪಂಗಡ ನೋಡಬೇಕು. ಡಿಸೈರ್‌ನ 1248 ಸಿ.ಸಿ. 75 ಕುದುರೆ ಬಲದ್ದು. ಅದೇ ಸಿ.ಸಿ.ಯ ಎಸ್‌ಎಕ್ಸ್4 ಇಂಜಿನ್ ಬೇರೆ ಟರ್ಬೊ ಹೊತ್ತು 90 ಕುದುರೆ ಬಲ ಕೊಡುತ್ತದೆ. ಕಣ್ಣಿಗೆ ಅಣ್ಣತಮ್ಮಂದಿರು, ವೈರಿಂಗಿಗೆ ಪರಕೀಯರು. ಕಾಮನ್ ರೈಲ್ ಇಂಜೆಕ್ಟರುಗಳ ಮೇಲೆ ಅಚ್ಚಾದ ಸಂಕೇತವನ್ನು ಗಾಡಿಯ ಇ.ಸಿ.ಎಂ.ಗೆ ಬರೆಸದಿದ್ದರೆ ಆರೋಗ್ಯವಂತ ಇಂಜಿನ್ನೂ ಕೆಮ್ಮುತ್ತದೆ.

ಟೈರಿನ ಮೇಲಿದ್ದ ಆ ಕುರೂಪಿಯನ್ನು ನಾವು ತಂದೆವು. ಮೇಸ್ತ್ರಿ ಮುಂದಿನ ಹಿಂದಿನ ಸೀಲು, ಚೈನ್ ಸೆಟ್ಟು, ವಾಟರ್ ಪಂಪು, ಥರ್ಮೋಸ್ಟಾಟು, ಕ್ಲಚ್ ಪ್ಲೇಟು ಎಲ್ಲವನ್ನೂ ಹೊರಗಿರುವಾಗಲೇ ಬದಲಿಸಿದರು. ಹಳೆಯ ಇಂಟರ್‌ಕೂಲರಿನಲ್ಲಿ ನಿಂತಿದ್ದ ಆಯಿಲನ್ನು ಬಸಿದು ತೊಳೆದರು. ಕೂರಿಸಿದ ಮೇಲೂ ತಕ್ಷಣ ಸ್ಟಾರ್ಟ್ ಮಾಡಲು ಬಿಡಲಿಲ್ಲ. ಇಂಜಿನ್ ಸ್ಟಾರ್ಟ್ ಆಗದಂತೆ ಮಾಡಿ, ಆಯಿಲ್ ಒತ್ತಡದ ಗೇಜಿನ ಮುಳ್ಳು ಮೇಲೇಳುವವರೆಗೆ ಸ್ಟಾರ್ಟರ್ ಮಾತ್ರ ತಿರುಗಿಸಿದರು, ಆಯಿಲ್ ಮೊದಲು ಮೂಲೆಮೂಲೆಗೆ ಹೋಗಲಿ ಎಂದು. ‘ಸಾವ್ರ ಕಿಲೋಮೀಟ್ರಿಗೆ ಬಾ’ ಎಂದು ಕಳಿಸಿದರು.

ತಮ್ಮ ಐದನೇ ದಿನಕ್ಕೇ ಬಂದ. ವಿಮಾನ ನಿಲ್ದಾಣದ ಬಾಡಿಗೆಗೆ ಸಾವಿರ ಕಿಲೋಮೀಟರ್ ಎಷ್ಟು ಹೊತ್ತು? ಮೇಸ್ತ್ರಿ ಆಯಿಲ್ ಇಳಿಸಿ, ಫಿಲ್ಟರ್ ತೆಗೆದು, ಮತ್ತೆ ಅದೇ ದಿನಪತ್ರಿಕೆಯ ಹಾಳೆ ಹಾಸಿ ಕುಳಿತರು. ಮಡಿಕೆ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿದರು. ನಾವಿಬ್ಬರೂ ಅವರ ಹೆಗಲ ಮೇಲಿಂದ ಬಗ್ಗಿ ನೋಡಿದೆವು. ಕಪ್ಪು ಬಿಟ್ಟರೆ ಕಾಗದದಲ್ಲಿ ಏನೂ ಮಿನುಗಲಿಲ್ಲ.